ಗುರುಲಿಂಗಪ್ಪ ವಕೀಲರ ಬಾಯಿಕುಕ್ಕೆ

ಆಳಂದದ ಉಳಿದ ವಕೀಲರ ಗೋಡೆಗಳ ಮೇಲೆ ದೇವರ ಪಟಗಳಿದ್ದವು. ನನ್ನ ಸೋದರಮಾವ ಗುರುಲಿಂಗಪ್ಪ ವಕೀಲರ ಗೋಡೆಗೆ ಎತ್ತಿನ ಬಾಯಿಕುಕ್ಕೆ ತೂಗುತ್ತಿತ್ತು. ಕಣದಲ್ಲಿ ತೆನೆ ತುಳಿಸಿ ರಾಶಿ ಮಾಡುವಾಗ ಎತ್ತು ಕಾಳಿಗೆ ಬಾಯಿ ಹಾಕದಿರಲೆಂದು ಮೂತಿಗೆ ಕಟ್ಟುವ ಹಗ್ಗದ ಬಲೆ ಅದು.

"ಎದುರು ವಕೀಲರಿಗೆ ಕಟ್ಟೂದೇನ್ರಿ ಇದು?" ಎಂದು ಕಕ್ಷಿದಾರರು ನಗುತ್ತಿದ್ದರು.

"ಅವರಿಗಲ್ಲಪಾ, ಸರ್ಕಾರಕ್ಕ ತೋರಸಾಕ. ಎತ್ತಿನ ಬಾಯಿ ಕಟ್ತೀವಿ, ಖರೆ. ಆದ್ರ ಕಣ್ಣು ಕಟ್ಟಂಗಿಲ್ಲ. ರಾಶಿ ಮುಗೀತಂದ್ರ ಕುಕ್ಕಿ ತೆಗೀಬೇಕು. ಯಾಕ, ಎಷ್ಟು, ಎಲ್ಲೀತನಕ? ಇಷ್ಟ ಕೇಳ್ರಿ, ಸಾಕು."

ಈ ಮೂರು ಪ್ರಶ್ನೆಗಳನ್ನು ಅವರು ಮನೆಯಲ್ಲೂ ಬಿಡುತ್ತಿರಲಿಲ್ಲ. ಪೂಜೆಯ ಹೊತ್ತಿನಲ್ಲಿ ಸೀನಿದರೆಂದು ಅತ್ತೆ ಅವರ ನಶ್ಯವನ್ನೇ ನಿಲ್ಲಿಸಿದಾಗ ಮಾವ ವಾದಕ್ಕೆ ನಿಂತರು. "ಪೂಜಾ ಖೋಲ್ಯಾಗ ಬಂದ್ ಮಾಡು, ಒಪ್ತೇನಿ. ಇಡೀ ಮನ್ಯಾಗ ಯಾಕ?"

"ಮನಿ ನಂದು, ಮೂಗು ನಿಮ್ದು. ಮೂಗು ತಗೊಂಡು ಕೋರ್ಟಿಗೆ ನಡೀರಿ," ಎಂದರು ಅತ್ತೆ. ಆ ಪೀಠದಲ್ಲಿ ಮಾವ ಗೆದ್ದದ್ದನ್ನು ನಾನು ಕಂಡಿಲ್ಲ.

ನಾನು ಹೈದರಾಬಾದಿನಲ್ಲಿ ಕಾನೂನು ಓದಿ ಅವರ ಕೈಕೆಳಗೆ ಕೆಲಸಕ್ಕೆ ಬಂದದ್ದು ನಿಜಾಮರ ಆಳ್ವಿಕೆಯ ಕೊನೆಯ ವರ್ಷಗಳಲ್ಲಿ. "ಮಾವ, ಹಕ್ಕು ಅಂತ ಈ ರಾಜ್ಯದ ಯಾವ ಪುಸ್ತಕದಾಗ ಬರದಾರ?" ಎಂದು ಕೆಣಕುತ್ತಿದ್ದೆ.

"ಉಸಿರಾಡೂದು ಯಾವ ಪುಸ್ತಕದಾಗ ಬರದಾರೋ, ಅಳಿಯ?"

ನಾನು ಬಂದ ವರ್ಷವೇ ಒಂದು ಸಂತೆಯ ದಿನ, ತಮಟೆಯಂಥ ಹಲಗೆಯ ಸದ್ದಿಗೆ ತಹಶೀಲ್ದಾರರ ಕುದುರೆ ಬೆದರಿ ಅವರನ್ನು ಕೆಡವಿತು. ಬಿಳಿ ಕುದುರೆ ಎಂದು ನನ್ನ ನೆನಪು. ಕಂದು ಬಣ್ಣದ್ದು ಎಂದು ಮಾವನ ಮಗ ಇಂದಿಗೂ ಜಗಳವಾಡುತ್ತಾನೆ. ಬಿದ್ದದ್ದಂತೂ ನಿಜ. ಸಾರ್ವಜನಿಕ ಶಾಂತಿಗಾಗಿ ಇಡೀ ತಾಲೂಕಿನಲ್ಲಿ ಯಾರೂ ಹಲಗೆ ಬಾರಿಸಕೂಡದೆಂದು ಹುಕುಂ ಹೊರಟಿತು.

ಹುಕುಂ ಸಾರಲು ಡಂಗುರ ಬೇಕಲ್ಲ! ಊರಿನ ಹಲಗೆಯ ಸಾಯಿಬಣ್ಣನನ್ನೇ ಕರೆದರು. ಅವನು ಓಣಿ ಓಣಿಗೆ ನಿಂತು, ಹಲಗೆ ಬಾರಿಸಿ, ಹಲಗೆ ಬಾರಿಸಬಾರದೆಂದು ಸಾರುತ್ತ ಬಂದ. ನಮ್ಮ ಕಟ್ಟೆಯ ಹತ್ತಿರ ಯಾರೋ ಕೂಗಿದರು: "ಲೇ ಸಾಯಿಬಣ್ಣ, ಬರೂ ಸೋಮವಾರ ನಿನ್ನ ಮಗಳ ಲಗ್ನ ಅದಲ್ಲೋ!"

ಅವನ ಕೈ ಗಾಳಿಯಲ್ಲೇ ನಿಂತಿತು. ಹಾಗೆಯೇ ಮಾವನ ಬಳಿ ಬಂದ. "ವಕೀಲ್ ಸಾಬ್ರ, ಸರಸಂಬಾದಿಂದ ಬೀಗರು ಬರ್ತಾರ್ರಿ. ಊರ ಮಂದಿ ಲಗ್ನಕ್ಕೆಲ್ಲ ನಾ ಬಾರಿಸೀನಿ. ನನ್ನ ಮಗಳು ಮೂಕಿ ಹಂಗ ಹೋಗಬೇಕೇನ್ರಿ? ಸತ್ತವರಿಗೂ ಹಲಗಿ ಇರ್ತದ."

ಮಾವ ಗೋಡೆಯಿಂದ ಕುಕ್ಕೆಯನ್ನು ಇಳಿಸಿದರು.

ಕೋರ್ಟಿನ ಮಾತೆಲ್ಲ ಉರ್ದುವಿನಲ್ಲಿ ನಡೆಯಿತು. ಕೆಳಗಿನದು ಮಾವ ಆಮೇಲೆ ಮನೆಯಲ್ಲಿ ಆಡಿ ತೋರಿಸಿದ ಕನ್ನಡ. ನಾನೂ ಅಲ್ಲಿದ್ದೆ, ಆದರೆ ಕೇಳಿದ್ದು ಯಾವುದು, ಆಡಿ ತೋರಿಸಿದ್ದು ಯಾವುದು ಎಂದು ಈಗ ಬಿಡಿಸಲಾರೆ.

"ಹುಜೂರ್, ಸಾಹೇಬರ ಸೊಂಟ ನಮಗೂ ಬೇಕು. ಕುದುರಿ ಬೆದರಬಾರದು, ಒಪ್ಪಿದೆ. ಆದ್ರ ಕುದುರಿ ಇರೂದು ಕಚೇರಿ ಮುಂದ. ದೂರದ ಸರಸಂಬಾದಾಗ ಹಲಗಿ ಬಂದ್ ಮಾಡಿದ್ರ ಇಲ್ಲಿ ಕುದುರಿಗಿ ಏನು ಸುಖ? ಮತ್ತ, ಹುಕುಂ ಸಾರಿದ್ದೂ ಹಲಗಿನೇ. ಅವತ್ತು ಶಾಂತಿ ಕೆಡಲಿಲ್ಲಲ್ಲ!"

"ಕುದುರೆ ಮತ್ತೆ ಬೆದರಿದರೆ?" ಎಂದರು ಮುನ್ಸೀಫರು.

ಮಾವ ಕುಕ್ಕೆಯನ್ನು ಮೇಜಿನ ಮೇಲಿಟ್ಟರು. "ಇಷ್ಟು ಕಟ್ರಿ, ಹುಜೂರ್. ಬಾಯಿಗಷ್ಟ. ಮೈತುಂಬ ಕಟ್ಟಬ್ಯಾಡ್ರಿ."

ಮುನ್ಸೀಫರು ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಕಚೇರಿಯ ಮುಂದೆ, ಕಚೇರಿಯ ಹೊತ್ತಿನಲ್ಲಿ ಮಾತ್ರ ಹಲಗೆ ಬೇಡ. ಉಳಿದಂತೆ ಹುಕುಂ ನಿಲ್ಲದು ಎಂದು ತೀರ್ಪಾಯಿತು.

"ನಾ ಗೆದ್ನೋ ಸೋತ್ನೋ ರೀ?" ಎಂದ ಸಾಯಿಬಣ್ಣ.

"ಮಗಳು ಗೆದ್ದಳು, ನಡಿ."

ಸೋಮವಾರ ಮೆರವಣಿಗೆ ಕಚೇರಿಯ ಮುಂದೆ ಬಂದಾಗ ಸಾಯಿಬಣ್ಣ ಕೈ ಎತ್ತಿದ. ಹಲಗೆಗಳೆಲ್ಲ ನಿಂತವು. ಆ ದಿಢೀರ್ ಮೌನಕ್ಕೆ ಕುದುರೆ ಬೆದರಿತು ಎಂದು ಮಾವ ಹೇಳುತ್ತಿದ್ದರು. ಇದನ್ನು ನಾನು ನಂಬುವುದಿಲ್ಲ. ಆದರೆ ದಾಟಿದ ಮೇಲೆ ಎದ್ದ ಹಲಗೆಯ ಸದ್ದಿಗೆ ಮದುಮಗಳು ಸೆರಗಿನೊಳಗೆ ನಕ್ಕದ್ದನ್ನು ಕಂಡಿದ್ದೇನೆ. ಇದರಲ್ಲಿ ಮಾತ್ರ ನನಗೆ ಸಂಶಯವಿಲ್ಲ.

ರಾಜ್ಯ ಕೈ ಬದಲಾಯಿತು. ತಹಶೀಲ್ದಾರರು ಕುದುರೆಯೊಂದಿಗೆ ಊರು ಬಿಟ್ಟರು. ದಿಲ್ಲಿಯಲ್ಲಿ ಸಂವಿಧಾನ ಬರೆಯುತ್ತಿದ್ದಾರೆಂದು ಹಾಸಿಗೆ ಹಿಡಿದಿದ್ದ ಮಾವನಿಗೆ ಪತ್ರಿಕೆ ಓದಿ ಹೇಳುತ್ತಿದ್ದೆ.

"ಹಕ್ಕು ಬರದಾರೇನು?"

"ಬರದಾರ, ಮಾವ."

"ಕುಕ್ಕಿ?"

"ಅದೂ ಅದ. ನ್ಯಾಯವಾದ ನಿರ್ಬಂಧ ಹಾಕಬಹುದಂತ."

"ನ್ಯಾಯವಾದದ್ದು ಅಂದ್ರ ಎಷ್ಟು ಅಂತ ಬರದಾರೇನು?"

"ಇಲ್ಲ."

"ಹಂಗಾರ ವಕೀಲರಿಗೆ ಕೆಲಸ ಉಳೀತು," ಎಂದು ನಕ್ಕು ಕೆಮ್ಮಿದರು. ಅವು ನಮ್ಮ ಕೊನೆಯ ಮಾತುಗಳು.

ಅವರ ಅಂತಿಮಯಾತ್ರೆಗೆ ಸಾಯಿಬಣ್ಣ ಕರೆಯದೆಯೇ ಬಂದ. ಊರೆಲ್ಲ ಬಾರಿಸುತ್ತ ನಡೆದವನು ಕಚೇರಿಯ ಮುಂದೆ ತಟ್ಟನೆ ನಿಲ್ಲಿಸಿದ. ಒಳಗೆ ಕೆಲಸ ನಡೆದಿತ್ತು; ಕುದುರೆ ಕಟ್ಟುತ್ತಿದ್ದ ಗೂಟವೂ ಅಲ್ಲಿರಲಿಲ್ಲ.

"ಯಾಕ ನಿಲ್ಲಿಸಿದ್ಯೋ?" ಎಂದೆ.

"ಅವರು ಗೆದ್ದ ಹುಕುಂ ಅದ್ರಿ, ಸಾಹೇಬ್ರ. ಅವರ ಮುಂದನ ಹ್ಯಾಂಗ ಮುರೀಲಿ?"

ಸಾಧ್ಯವಿದ್ದಿದ್ದರೆ ಮಾವ ಎದ್ದು ಕೂತು ಬೈಯುತ್ತಿದ್ದರು ಎಂದು ನನಗೆ ಖಾತ್ರಿಯಾಯಿತು. ನನ್ನ ಬಾಯಿಂದ ಅವರದೇ ದನಿ ಬಂತು. "ಲೇ ಸಾಯಿಬಣ್ಣ, ರಾಶಿ ಮುಗದದ. ಕುಕ್ಕಿ ತೆಗಿ."

ಅವನು ಒಂದು ಕ್ಷಣ ಕಚೇರಿಯ ಕಡೆ ನೋಡಿದ, ಒಂದು ಕ್ಷಣ ಮಾವನ ಕಡೆ. ಆಮೇಲೆ, ಅಲ್ಲೇ ನಿಂತು, ಬಾರಿಸಿದ.