ಮಚ್ಛೇಂದ್ರನ ಚುಂಬಕ

ಬೀದರಿನ ಮೈಲೂರಲ್ಲಿ ಯಾರ ಮನೆಗೆ ಹೊಸ ಪಾತ್ರೆ ಬಂದರೂ ಮೊದಲು ಮಚ್ಛೇಂದ್ರನಿಗೆ ತೋರಿಸಬೇಕಿತ್ತು. ತೋರಿಸದಿದ್ದರೆ ತಾನೇ ಬರುತ್ತಿದ್ದ. ಅಂಗಿ ಕಿಸೆಯಿಂದ ಚುಂಬಕ, ಅಂದರೆ ಅಯಸ್ಕಾಂತದ ತುಂಡು, ತೆಗೆದು ಪಾತ್ರೆಗೆ ಮುಟ್ಟಿಸಿ, ನಾಡಿ ಹಿಡಿದ ಹಕೀಮನ ಹಾಗೆ ಕಣ್ಣು ಮುಚ್ಚುತ್ತಿದ್ದ. ಹತ್ತದಿದ್ದರೆ ಅಸಲಿ ಸ್ಟೀಲು. ಹತ್ತಿದರೆ ಮನೆಯವರ ಮುಖ ನೋಡಿ ಒಂದು ನಿಟ್ಟುಸಿರು. ನಮ್ಮ ಮನೆಯ ಹಾಲಿನ ಪಾತ್ರೆಗೆ ಆ ನಿಟ್ಟುಸಿರು ಸಿಕ್ಕಿದೆ.

ಈ ಅಧಿಕಾರ ಕೊಟ್ಟದ್ದು ಊರಾಚೆಯ ಸ್ಟೀಲ್ ಕಾರ್ಖಾನೆ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಗುಜರಿ ವಿಂಗಡಿಸುವುದು ಅವನ ಕೆಲಸ. ಹೈದರಾಬಾದಿನಿಂದ ಲಾರಿಗಟ್ಟಲೆ ಬರುವ ಹಳೇ ಸಿಂಕು, ಡೇರಿ ಪೈಪುಗಳಲ್ಲಿ ಚುಂಬಕ ಹತ್ತಿದ್ದು ಒಂದು ಕಡೆ, ಹತ್ತದೇ ಇದ್ದದ್ದು ಭಟ್ಟಿಗೆ. ಅದು ಕರಗಿ, ಕ್ರೋಮಿಯಂ, ನಿಕ್ಕಲ್ ಬೆರೆತು, ಅಚ್ಚಿಗೆ ಬಿದ್ದು, ರೋಲರಿನಡಿ ತೆಳ್ಳಗಾಗಿ, ಆಸಿಡ್‌ನಲ್ಲಿ ಮಿಂದು ಹೊಳೆಯುವ ಪಟ್ಟಿಯಾಗುವುದೆಲ್ಲ ತನ್ನ ಕಿಸೆಯಿಂದಲೇ ಶುರು ಎಂದು ಅವನ ನಂಬಿಕೆ. ಖರೀದಿದಾರರು ಬಂದಾಗ ಮ್ಯಾನೇಜರ್ ಸಾಹೇಬರು ಅವನನ್ನೇ ಕರೆಸಿ ಪಟ್ಟಿಗೆ ಚುಂಬಕ ಹಿಡಿಸಿ ತೋರಿಸತೊಡಗಿದ ಮೇಲೆ ಅಂಗಿಗೆ ಇಸ್ತ್ರಿಯೂ ಬಂತು.

ಹೀಗಾಗಿ ಭಾಲ್ಕಿಯ ತಂಗಿ ಶಾಲುಬಾಯಿ ತನ್ನ ಮಗಳು ಪೂನಮಳ ಮದುವೆಗೆ ಮಾಮನ ಕಾಣಿಕೆ ಏನೆಂದು ಕೇಳಲೇ ಇಲ್ಲ. ಕಾರ್ಖಾನೆಯ ಲ್ಯಾಬಿನ ಅಮಿತಕುಮಾರ, ದಿನಾ ಅವನ ಜೊತೆ ಚಹಾ ಕುಡಿಯುವವ, ಅಂಗಡಿಗೂ ಬಂದು 'ನಮ್ಮದೇ ಪಟ್ಟಿಯ ಮಾಲು' ಎಂದು ಪಾತ್ರೆ ಆರಿಸಿಕೊಟ್ಟ. ನಲವತ್ತೊಂದು ಪಾತ್ರೆ, ಪ್ರತಿಯೊಂದರ ಮೇಲೂ 'ಮಾಮಾ ಮಚ್ಛೇಂದ್ರ, ಮೈಲೂರ' ಎಂದು ಕೆತ್ತನೆ. ಮದುವೆಯಲ್ಲಿ ಬುದ್ಧವಂದನೆ ಮುಗಿದದ್ದೇ ತಡ, ಬೀಗರ ಮುಂದೆ ನಲವತ್ತೊಂದಕ್ಕೂ ಚುಂಬಕ ಮುಟ್ಟಿಸಿದ. ಊಟ ತಣ್ಣಗಾಯಿತು.

ವರ್ಷ ತುಂಬುವುದರೊಳಗೆ ಔರಾದ ಕಡೆಯ ಠಾಣಾ ಕುಶನೂರಿಂದ ಪೂನಮಳ ಅತ್ತೆ ಮಹಾಮಾಯಾ ಬರಲು ಹೇಳಿ ಕಳಿಸಿದಳು. ಹೋದವನ ಮುಂದೆ ಆ ನಲವತ್ತೊಂದರಲ್ಲೊಂದಾದ, ತುಕ್ಕು ಹಿಡಿದ ಉಪ್ಪಿನ ಡಬ್ಬಿ ಇಟ್ಟಳು.

"ಬೀಗರ, ನಿಮ್ಮ ಹೆಸರಿಗಿ ಜಂಗ ಹತ್ಯಾದ ನೋಡ್ರಿ."

ನಕಲಿ ಪಾತ್ರೆ ತಂದವಳು ಎಂದು ಓಣಿಯವರು ಪೂನಮಳನ್ನು ಆಡಿಕೊಳ್ಳುತ್ತಿದ್ದರಂತೆ. ಅವಳು ಒಳಗಿಂದ ಹೊರಗೆ ಬರಲೇ ಇಲ್ಲ. ಮಚ್ಛೇಂದ್ರ ಚುಂಬಕ ಮುಟ್ಟಿಸಿದ. ಹತ್ತಲಿಲ್ಲ. ಮತ್ತೊಮ್ಮೆ ಮುಟ್ಟಿಸಿದ. ಆಮೇಲೆ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ.

ಡಬ್ಬಿ ನೋಡಿದ ಅಮಿತಕುಮಾರ ಚಹಾದ ಕಪ್ಪನ್ನೂ ಕೆಳಗಿಡಲಿಲ್ಲ. ನಿಕ್ಕಲ್ ತುಟ್ಟಿಯಾಗಿ ಮೂರು ವರ್ಷವಾಯಿತು, ಅದನ್ನು ಕಡಿಮೆ ಮಾಡಿ ಮ್ಯಾಂಗನೀಸ್ ಹಾಕುತ್ತಿದ್ದಾರೆ, ಈ ಉಕ್ಕಿಗೂ ಚುಂಬಕ ಹತ್ತುವುದಿಲ್ಲ, ಆದರೆ ಉಪ್ಪು ಹುಳಿಗೆ ತಾಳುವುದಿಲ್ಲ ಎಂದು ಪಾಠ ಮಾಡಿದ.

"ಗೊತ್ತಿದ್ದೂ ಯಾಕ ಹೇಳಲಿಲ್ಲೋ?"

"ನೀ ಖರೇ ಅಂತ ನಂಬಿ ತೋರಸ್ತಿದ್ದಿ, ದಾದಾ. ಅದಕ್ಕೇ ಮಂದಿನೂ ನಂಬ್ತಿದ್ರು. 'ಅವಗ ಹೇಳಬ್ಯಾಡ' ಅಂತ ಸಾಹೇಬರೇ ಅಂದಿದ್ರು."

ಮುಂದಿನ ವಾರ ಹುಮನಾಬಾದಿನ ಖರೀದಿದಾರರು ಬಂದರು. ಸಾಹೇಬರು ಎಂದಿನಂತೆ ಕರೆಸಿದರು. ಮಚ್ಛೇಂದ್ರ ಇಸ್ತ್ರಿಯಿಲ್ಲದ ಅಂಗಿಯಲ್ಲೇ ಹೋದ. ಮೇಜಿನ ಮೇಲಿನ ಹೊಳೆಯುವ ಪಟ್ಟಿಯನ್ನು ಬದಿಗೆ ಸರಿಸಿ, ಉಪ್ಪಿನ ಡಬ್ಬಿ ಇಟ್ಟು, ಚುಂಬಕ ಮುಟ್ಟಿಸಿದ.

"ಹತ್ತಲ್ಲರಿ. ಇದೂ ಇಲ್ಲಿದೇ ಮಾಲ್ ಅದ. ಈಗ ಅದರ ಮ್ಯಾಲಿನ ಹೆಸರ ಓದ್ರಿ."

ಹಿರಿಯ ಖರೀದಿದಾರ ಕನ್ನಡಕ ಏರಿಸಿ ಬಗ್ಗಿ ನೋಡಿದ. 'ಮೈಲೂರ' ಮಾತ್ರ ಓದಲು ಬರುತ್ತಿತ್ತು. ಉಳಿದದ್ದನ್ನು ಜಂಗು ತಿಂದಿತ್ತು. ಆ ಹೆಸರನ್ನು ಮಚ್ಛೇಂದ್ರನೇ ಹೇಳಿದ.