ಹೊಳೆಗೆ ಬಿಟ್ಟ ಜಾಗ

ಬೈಲಹೊಂಗಲದಿಂದ ಬೆಳಗಿನ ಬಸ್ಸು ಹಿಡಿದೆ. ಮಾರ್ಕೆಟ್ ಯಾರ್ಡಿನ ಮುಂದೆ ಹತ್ತಿ ಹೇರಿದ ಟ್ರ್ಯಾಕ್ಟರುಗಳು ಸಾಲುಗಟ್ಟಿದ್ದವು. ರಾಮದುರ್ಗದ ಹತ್ತಿರದ ಹಳ್ಳಿಯೊಂದರಲ್ಲಿ ಮಲಪ್ರಭೆಯ ದಂಡೆಗೆ ಗಡಿಕಲ್ಲು ನೆಡುತ್ತಿದ್ದರು. ಹೊಳೆ ಉಕ್ಕಿದಾಗ ನೀರು ತಡೆಯಿಲ್ಲದೆ ಹರಿದುಹೋಗಲು ಬಿಡುವ ಜಾಗದ ಗಡಿ ಅದು. ಅದರೊಳಗೆ ಬೆಳೆ ತೆಗೆಯಬಹುದು, ಮನೆ ಕಟ್ಟುವಂತಿಲ್ಲ. ಸರ್ವೆ ಕೆಲಸದ ಗೆಳೆಯ ವಿರೂಪಾಕ್ಷ, 'ಆ ವರ್ಷ ಹೊಳಿ ಬಂದದ್ದು ನೀನೂ ನೋಡೀಯಲ್ಲ, ಬಾ' ಎಂದು ಕರೆದಿದ್ದ.

ನೋಡಿದ್ದೆ. ದೊಡ್ಡ ಬೇವಿನ ಕೊಂಬೆಗೆ ನೀರು ತಾಗಿದ್ದು ಕಣ್ಣಿಗೆ ಕಟ್ಟಿದಂತಿತ್ತು. ಮುನವಳ್ಳಿಯಲ್ಲಿ ಚಹಾ ಕುಡಿದೆ. ಸವದತ್ತಿಯಲ್ಲಿ ಬಸ್ಸು ಬದಲಿಸುವ ಮುನ್ನ ಮಿರ್ಚಿ, ಚುರಮರಿ ತಿಂದೆ. ಬಿಸಿಲೇರಿದ ಮೇಲೆ ಹಳ್ಳಿಯಲ್ಲಿ ಇಳಿದರೆ ದಂಡೆಯಲ್ಲಿ ಇದ್ದದ್ದು ಹುಣಸೆ. ಅಲ್ಲಿ ಬೇವು ಎಂದೂ ಇರಲಿಲ್ಲವಂತೆ.

ಹುಣಸೆಯ ಮೇಲ್ಗಡೆ ಶಾಂತವ್ವ, ಬಸಪ್ಪ ದಂಪತಿಯ ಹೊಸ ಮನೆಯ ಬುನಾದಿ. ಅದರ ಹಿಂದೆ, ಏರಿನಲ್ಲಿ, ಅವರ ಹಳೆಯ ದನದ ಕೊಟ್ಟಿಗೆ. ಗಡಿಕಲ್ಲು ಬುನಾದಿಗಿಂತ ಕೆಳಗೆ ಹೊಳೆಯ ಕಡೆಗೋ, ಮೇಲೆ ಏರಿನ ಕಡೆಗೋ ಎಂಬುದೊಂದೇ ಇತ್ಯರ್ಥವಾಗಬೇಕಿತ್ತು. ನೀರು ಎಲ್ಲಿಯವರೆಗೆ ಬಂದಿತ್ತೆಂದು ವಿರೂಪಾಕ್ಷ ನೆರೆಯವರನ್ನು ಕೇಳಿದ.

'ಹುಣಸಿ ಬುಡ ದಾಟಿಲ್ರಿ ಸಾಹೇಬ್ರ,' ಎಂದರು ಒಬ್ಬರು.

'ಬುಡಾನೂ ಮುಟ್ಟಿಲ್ಲ ಬಿಡ್ರಿ,' ಎಂದರು ಇನ್ನೊಬ್ಬರು.

'ಹಂಗಾದ್ರ ಆ ವರ್ಷ ಹೊಳಿ ಬತ್ತಿತ್ತೇನ್ರಿ?' ಎಂದ ವಿರೂಪಾಕ್ಷ. ಎಲ್ಲರೂ ನಕ್ಕರು, ಮಾತು ಬದಲಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ. ಇಲ್ಲದ ಬೇವನ್ನು ಕಂಡವನ ಸಾಕ್ಷಿ ಯಾರಿಗೆ ಬೇಕು?

ಶಾಂತವ್ವ ಮಾತ್ರ ಹೊಳೆಯನ್ನೇ ನೋಡುತ್ತಿದ್ದರು. 'ಕಲ್ಲು ಕೆಳಗ ಹುಗದು, ಇಲ್ಲಿ ಮನಿ ಎದ್ದೂವಂದ್ರ ನೀರು ಎಲ್ಲಿಗಿ ಹೋಗತೈತ್ರಿ?'

'ನಿಮ್ಮದೊಂದ ಅಲ್ರಿ ಅವ್ವಾರ. ಸಾಲಾಗಿ ಎಲ್ಲಾರೂ ಕಟ್ಟಿದ್ರ ಆಚಿ ದಂಡಿಗಿ ಒತ್ತತೈತಿ,' ಎಂದ ವಿರೂಪಾಕ್ಷ.

ಆಚೆ ದಂಡೆಯ ತಗ್ಗಿನಲ್ಲಿ ತಗಡಿನ ಮನೆಗಳಿದ್ದವು. 'ಅಲ್ಲಿ ನನ್ನ ಮಗಳನ್ನ ಕೊಟ್ಟೇನ್ರಿ,' ಎಂದರು ಶಾಂತವ್ವ. ಆಮೇಲೆ ಕೊಟ್ಟಿಗೆಯತ್ತ ಕೈ ಮಾಡಿದರು. 'ನೀರು ಅದರೊಳಗ ಬಂದಿತ್ತು. ದನಕ್ಕ ಮೇವು ಹಾಕೂ ಗ್ವಾದ್ಲ್ಯಾಗ ಕುಂತ ಕೆಸರು ನಾನ ಬಳದೇನಿ.'

'ಏ, ಸುಮ್ಕಿರ,' ಎಂದ ಬಸಪ್ಪ.

'ನಾ ಸುಮ್ಕಿದ್ರ ಮಗಳ ಮನ್ಯಾಗ ಹೊಳಿ ಬಂದು ಕುಂಡರತೈತಿ.'

ಹಿಂದಿನಿಂದ ಯಾರೋ, 'ಎಲ್ಲಾರನ್ನೂ ಸುಳ್ಳುಗಾರರನ ಮಾಡಿದಿ ನೋಡವ್ವಾ,' ಎಂದರು.

'ನನ್ನ ಸಲುವಾಗಿ ಅಂದೀರಿ. ಅದೂ ಗೊತ್ತೈತಿ.'

'ಮತ್ತ ಮನಿ?' ಬಸಪ್ಪ ಕೇಳಿದ. ಸರ್ವೆಯವರು ಗಡಿಕಲ್ಲನ್ನು ಕೊಟ್ಟಿಗೆಯ ಹಿಂದೆ, ಇನ್ನೂ ಮೇಲೆ ನೆಟ್ಟರು. ನಮಗೆ ರೊಟ್ಟಿ, ಹೆಸರುಕಾಳಿನ ಪಲ್ಲೆ ಬಡಿಸಿದವರೂ ಶಾಂತವ್ವನೇ. ಬಸಪ್ಪ ಊಟಕ್ಕೆ ಬರಲಿಲ್ಲ.

ಸಂಜೆ ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ಹಿಂತಿರುಗಿ ನೋಡಿದೆ. ಬಸಪ್ಪ ಬುನಾದಿಯ ಕಲ್ಲು ಕಿತ್ತು, ಹೆಗಲ ಮೇಲೆ ಹೊತ್ತು ಏರು ಹತ್ತುತ್ತಿದ್ದ. ಹುಣಸೆ ಅವನ ಎಡಕ್ಕಿತ್ತೋ ಬಲಕ್ಕೋ, ಈಗಲೇ ಅನುಮಾನ. ಆದರೆ ಕೊಟ್ಟಿಗೆಯ ಹಿಂದಿನ ಗಡಿಕಲ್ಲು ದಾಟಿದ ಮೇಲೆಯೇ ಅವನು ಕಲ್ಲು ಇಳಿಸಿದ್ದು.