ಅಪ್ಪಾಜಿ ಭಾಷಣಕ್ಕೆ ಹೋದದ್ದು

ಅಪ್ಪಾಜಿ ಎಪ್ಪತ್ತೊಂದರ ಯುದ್ಧದಲ್ಲಿ ಫೈಟರ್ ವಿಮಾನ ಹಾರಿಸಿದವರು. ಶತ್ರುವಿನ ಒಂದು ವಿಮಾನವನ್ನು ಹೊಡೆದುರುಳಿಸಿದ್ದಕ್ಕೆ ಪದಕ ಬಂದಿತ್ತು. ಜಾಲಹಳ್ಳಿಯ ಮನೆಯಲ್ಲಿ ಅದು ಬೀರುವಿನೊಳಗೆ ಅಮ್ಮನ ಸೀರೆಗಳ ಕೆಳಗಿರುತ್ತಿತ್ತು. ಕೇಳಿದರೆ, "ಕೆಲಸ ಮಾಡ್ದೆ, ಕೊಟ್ರು" ಅನ್ನುವರು. ಅದರಾಚೆ ಮಾತಿಲ್ಲ.

ಅಮ್ಮ ತೀರಿಕೊಂಡ ಮೇಲೆ ಬ್ರೂಕ್‌ಫೀಲ್ಡಿನ ನಮ್ಮ ಫ್ಲ್ಯಾಟಿಗೆ ಬಂದರು. ಕೆಳಗಿನ ಮನೆಯಾತ ವೈಟ್‌ಫೀಲ್ಡಿನ ಕಂಪನಿಯೊಂದರಲ್ಲಿ ಸೇಲ್ಸ್ ಮುಖ್ಯಸ್ಥ. "ಅಂಕಲ್, ನಮ್ಮ ಹುಡುಗರಿಗೆ ನಾಲ್ಕು ಮಾತು ಹೇಳ್ಬೇಕು" ಅಂತ ಬೆನ್ನುಬಿದ್ದ. ಈಗಿನವರಿಗೂ ಆಸಕ್ತಿ ಇದೆಯಲ್ಲ ಅಂತ ಅಪ್ಪಾಜಿ ಒಪ್ಪಿದರು. ಪದಕ ಹಾಕ್ಕೊಂಡೇ ಬರಬೇಕು ಅಂದದ್ದಕ್ಕೂ ಹೂಂ ಅಂದರು. ನಾನೂ ಜೊತೆಗೆ ಹೋದೆ.

ವೇದಿಕೆಯ ಮೇಲೆ ರಟ್ಟಿನ ವಿಮಾನ. ಪರದೆಯ ಮೇಲೆ ಎದುರಾಳಿ ಕಂಪನಿಗಳ ಹೆಸರು, ಒಂದೊಂದರ ಸುತ್ತಲೂ ಬಂದೂಕಿನ ಗುರಿಯ ಕೆಂಪು ವೃತ್ತ. ನೋಡಿದಾಗಲೇ ನನಗೆ ಒಂಥರಾ ಆಯಿತು.

"ಸಾರ್, ಆ ಕಿಲ್ ಆಯ್ತಲ್ಲ, ಆಗ ಹೇಗನ್ನಿಸ್ತು?" ನಿರೂಪಕ ಕೇಳಿದ.

ಅಪ್ಪಾಜಿ ಎದುರಿನ ಸಾಲುಗಳ ಕಡೆ ನೋಡಿ ಹೇಳಿದರು. "ಅವನ ವಿಮಾನಕ್ಕೆ ಬೆಂಕಿ ಹತ್ತಿತು. ಅವನು ಹೊರಗೆ ಹಾರಿದ. ಪ್ಯಾರಾಚೂಟ್ ಬಿಚ್ಕೊಳ್ಳಲಿಲ್ಲ. ಕೈಕಾಲು ಬಡಿಯೋದು ನಂಗೆ ಕಾಣ್ತಿತ್ತು. ಆಕ್ಸಿಜನ್ ಮಾಸ್ಕಿನೊಳಗೇ ವಾಂತಿ ಮಾಡ್ಕೊಂಡೆ. ಆ ವಾಸನೆಯಲ್ಲೇ ಉಸಿರಾಡ್ತಾ ವಾಪಸ್ ಬಂದೆ. ಇಳಿದ ಮೇಲೆ ಜೊತೆಯವರು ನನ್ನನ್ನ ಹೆಗಲ ಮೇಲೆ ಹೊತ್ಕೊಂಡು ಕುಣಿದ್ರು."

ನಾನು ಇದನ್ನು ಯಾವತ್ತೂ ಕೇಳಿರಲಿಲ್ಲ. ಅಷ್ಟರಲ್ಲಿ ನಿರೂಪಕ ಮೈಕ್ ಎತ್ತಿಕೊಂಡ. "ನೋಡಿ ಫ್ರೆಂಡ್ಸ್, ವಾಂತಿ ಬಂದ್ರೂ ಟಾರ್ಗೆಟ್ ಬಿಡ್ಲಿಲ್ಲ."

ಚಪ್ಪಾಳೆ. ಹಿಂದಿನಿಂದ ಸಿಳ್ಳೆ. "ನಾ ಹೇಳಿದ್ದು ಅದಲ್ಲ" ಎಂದ ಅಪ್ಪಾಜಿಯ ಮಾತು ಸಂಗೀತದಲ್ಲಿ ಮುಚ್ಚಿಹೋಯಿತು.

ಊಟದ ಹೊತ್ತಿಗೆ ಅವರ ಸುತ್ತ ಸೆಲ್ಫಿಗೆ ನೂಕುನುಗ್ಗಲು. ಗೋಬಿ ಮಂಚೂರಿ ಅಗಿಯುತ್ತಲೇ ಒಬ್ಬ ಎಣ್ಣೆಗೈಯಲ್ಲಿ ಪದಕ ಹಿಡಿದು, "ಪ್ಯೂರ್ ಬೆಳ್ಳೀನಾ ಸಾರ್?" ಅಂದ. ಅಪ್ಪಾಜಿ ಅವನ ಕೈ ಸರಿಸಿ ನನ್ನ ಕಡೆ ನೋಡಿದರು. ಇಬ್ಬರೂ ಊಟ ಮುಟ್ಟದೆ ಹೊರಟೆವು.

ಕಾರಿನಲ್ಲಿ ಪದಕ ಬಿಚ್ಚಿ ಜೇಬಿಗೆ ಹಾಕಿಕೊಂಡರು. "ನಿಮ್ಮಮ್ಮನಿಗೂ ಹೇಳಿರ್ಲಿಲ್ಲ ಕಣಮ್ಮ. ಹೋಗಿ ಹೋಗಿ ಇವರಿಗೆ ಹೇಳಿದ್ನಲ್ಲ, ಥೂ."

ಮುಂದಿನ ವಾರ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿಗೆ ಆ ಭಾಷಣದ ವಿಡಿಯೋ ಬಂತು. ವಿಮಾನಕ್ಕೆ ಬೆಂಕಿ ಹತ್ತಿತು ಅನ್ನುವವರೆಗೆ ಇತ್ತು, ಆಮೇಲೆ ನೇರ ಚಪ್ಪಾಳೆ. ಬಿದ್ದವನೂ ಇಲ್ಲ, ವಾಂತಿಯೂ ಇಲ್ಲ. ಕೆಳಗಿನ ಮನೆಯಾತ ಇನ್ನೊಂದು ಕಾರ್ಯಕ್ರಮಕ್ಕೆ ಕರೆಯಲು ನಗುನಗುತ್ತಾ ಬಂದ. ಅಪ್ಪಾಜಿ ಬಾಗಿಲಲ್ಲೇ ನಿಲ್ಲಿಸಿದರು.

"ಸತ್ತೋನನ್ನ ಕತ್ತರಿಸಿ ಬಿಸಾಕಿದ್ದೀರಿ. ಇನ್ನು ನಾನ್ಯಾಕೆ ಬೇಕು ನಿಮಗೆ?"

ಅಪ್ಪಾಜಿ ಬಾಗಿಲು ಹಾಕಿದರು.

ಆಮೇಲೆ ಸಂಜೆ ಹೊತ್ತು ಬಾಲ್ಕನಿಯಲ್ಲಿ ಕೂತು ಯುದ್ಧದ ಆ ದಿನದ ವಿಷಯ ನನಗೆ ಸ್ವಲ್ಪ ಸ್ವಲ್ಪವೇ ಹೇಳತೊಡಗಿದರು. ಕೇಳಿದ ದಿನ ನನಗೆ ರಾತ್ರಿಯ ಊಟ ಸೇರುತ್ತಿರಲಿಲ್ಲ. ಆದರೂ ಮಧ್ಯೆ ಎದ್ದು ಹೋಗದೆ ಕೇಳುತ್ತಿದ್ದೆ.